ಹೊಟ್ಟು ಬೀಳದ ದಿಬ್ಬ

ಗಾಳಿಯನ್ನು ಕದ್ದರು. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಒಂದು ಊರಿನ ತಲೆಯ ಮೇಲೆ ಬೀಸುವ ಗಾಳಿಯನ್ನು ಹಿಡಿದರು, ಅದರಿಂದ ಕರೆಂಟು ಮಾಡಿದರು, ಆ ಊರಿನ ಬಾವಿಯ ಮೇಲೆಯೇ ತಂತಿ ಎಳೆದರು, ಊರಿಗೆ ಒಂದು ದೀಪದಷ್ಟೂ ಇಳಿಸದೆ ದೂರದ ಪಟ್ಟಣಕ್ಕೆ ಒಯ್ದರು. ಕದ್ದವರು ಹಗಲಲ್ಲೇ ಬಂದರು. ಕಾಗದ ಹಿಡಿದು ಬಂದರು. ಊರಿನವರಿಂದಲೇ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ಹಾಗಾಗಿ ಅದನ್ನು ಯಾರೂ ಕಳವು ಅನ್ನಲಿಲ್ಲ. ನಾನು ಅನ್ನುತ್ತೇನೆ.

ಆ ಊರಿನ ಕಥೆ ಹೇಳುತ್ತೇನೆ. ಕಾಲ ಯಾವುದು ಎಂದು ಕೇಳಬೇಡಿ. ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ, ಅವರಿಗೆ ಹೇಳಿದವರಿಗೂ ಗೊತ್ತಿರಲಿಲ್ಲ.

ಬಲು ಹಿಂದೆ, ಒಂದು ಊರಿತ್ತು. ಗಾಳಿ ಮೊದಲು ಹುಟ್ಟಿ ಊರು ಆಮೇಲೆ ಹುಟ್ಟಿದ ಜಾಗ ಅದು. ಹೆಸರು ಸುಳಿಗಾಳ. ಮೂರು ಕಡೆ ಬೋಳು ಗುಡ್ಡ, ಒಂದು ಕಡೆ ಜೋಳದ ಹೊಲ. ಅಲ್ಲಿನ ಹುಲ್ಲು ಒಂದೇ ಕಡೆಗೆ ತಲೆ ಬಾಗಿಸಿ ಬೆಳೆಯುತ್ತಿತ್ತು. ಅಲ್ಲಿನ ನಾಯಿಗಳು ಗಾಳಿಗೆ ಬೆನ್ನು ಕೊಟ್ಟು ಕೂರುತ್ತಿದ್ದವು. ಅಲ್ಲಿನ ಜನ ಗಾಳಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ದೊಡ್ಡ ಗಂಟಲಿನವರಾಗಿದ್ದರು. ಸುಳಿಗಾಳದವರು ಕಿವಿಯಲ್ಲಿ ಗುಟ್ಟು ಹೇಳಿದರೆ ಮೂರು ಊರಿಗೆ ಕೇಳುತ್ತದೆ ಎಂದು ಸುತ್ತಲಿನವರು ನಗುತ್ತಿದ್ದರು. ಹಾಗಂತ ಹೇಳುತ್ತಾರೆ.

ಆ ಊರಿಗೆ ಗಾಳಿ ಬೇಕಾದಷ್ಟಿತ್ತು. ನೀರು ಮಾತ್ರ ಅರವತ್ತು ಮಾರು ಕೆಳಗಿತ್ತು.

ಊರಿಗೆಲ್ಲ ಒಂದೇ ಬಾವಿ. ಇಣುಕಿ ನೋಡಿದರೆ ನೀರು ಒಂದು ಬಿಳಿ ಕಾಸಿನಷ್ಟು ಕಾಣುತ್ತಿತ್ತು. ಪುಂಡಿ ನಾರಿನ ದಪ್ಪ ಹಗ್ಗಕ್ಕೆ ಕೊಡ ಕಟ್ಟಿ ಇಳಿಸುತ್ತಿದ್ದರು. ನಾಲ್ಕು ಹೆಂಗಸರು ಸಾಲಾಗಿ ಆ ಹಗ್ಗ ಹಿಡಿದು, ಬಾವಿಗೆ ಮುಖ ಮಾಡಿಕೊಂಡು, ಹಿಂದೆ ಹಿಂದೆ ನಡೆಯುತ್ತ ಎಳೆಯುತ್ತಿದ್ದರು. ಮುಂದಿನವಳು "ಎಳಿಯೇ ಯವ್ವಾ" ಅನ್ನುವಳು, ಹಿಂದಿನವರು "ಬಂತವ್ವಾ" ಅನ್ನುವರು. ಅವರ ಹಿಮ್ಮಡಿ ಊರಿ ಊರಿ ನೆಲದಲ್ಲಿ ಒಂದು ಕಾಲುವೆಯೇ ಬಿದ್ದಿತ್ತು. ಆ ಹಗ್ಗವನ್ನು ಗಂಡಸರು ಮುಟ್ಟುತ್ತಿರಲಿಲ್ಲ. ಗಂಡಸು ಹಗ್ಗ ಹಿಡಿದರೆ ನೀರು ಕೆಳಗಿಳಿಯುತ್ತದೆ ಎಂದು ಹಿಂದೆ ಯಾರೋ ಹೇಳಿದ್ದರಂತೆ. ಹೇಳಿದವನು ಗಂಡಸೇ ಇರಬೇಕು.

ಹೆಣ್ಣುಮಗು ಹುಟ್ಟಿ, ಬೆಳೆದು, ಅವಳ ಮುಷ್ಟಿ ಆ ಹಗ್ಗದ ಸುತ್ತ ಪೂರ್ತಿ ಮುಚ್ಚಿಕೊಳ್ಳುವ ದಿನ ಬಂದರೆ, ಅಂದು ಅವಳ ಎರಡೂ ಅಂಗೈಗೆ ಹರಳೆಣ್ಣೆ ಹಚ್ಚುತ್ತಿದ್ದರು. ಬೆಲ್ಲ ತಿನ್ನಿಸುತ್ತಿದ್ದರು. ಆಮೇಲೆ ಸಾಲಿನಲ್ಲಿ ಅವಳಿಗೊಂದು ಜಾಗ ಕೊಡುತ್ತಿದ್ದರು. ಅದಕ್ಕೆ ಹಗ್ಗಕ್ಕೆ ಕೈ ಕೊಡುವುದು ಅನ್ನುತ್ತಿದ್ದರು. ಕೊಟ್ಟ ಕೈ ಸಾಯುವ ತನಕ ಹಿಂದೆ ಬರುತ್ತಿರಲಿಲ್ಲ.

ಈ ಊರಲ್ಲಿ ಸಂಕವ್ವ ಇದ್ದಳು. ಮೊರದ ಸಂಕವ್ವ. ಹೊಲವಿಲ್ಲ, ಮನೆ ಎಂದರೆ ಒಂದು ಗೋಡೆ ಹೆಚ್ಚು, ಒಂದು ಗೋಡೆ ಕಡಿಮೆ. ಅವಳ ಕೆಲಸ ತೂರುವುದು. ಊರಿಗೆಲ್ಲ ಒಂದೇ ಕಣ, ಊರ ಮುಂದಿನ ಗಟ್ಟಿ ನೆಲದಲ್ಲಿ. ಒಕ್ಕಣೆ ಮುಗಿದ ಮೇಲೆ ಮೂರು ಕಾಲಿನ ಎತ್ತರದ ಮಣೆಯ ಮೇಲೆ ನಿಂತು, ಮೊರವನ್ನು ತಲೆಯ ಮೇಲೆತ್ತಿ ಸುರಿಯುತ್ತಿದ್ದಳು. ಕಾಳು ಕಾಲ ಬುಡಕ್ಕೆ, ಹೊಟ್ಟು ನಾಲ್ಕು ಹೆಜ್ಜೆ ಆಚೆಗೆ. ಗಾಳಿಯೂ ಆ ಕಣದಲ್ಲಿ ಪಾಳಿಯ ಮೇಲೆ ಬರುತ್ತಿತ್ತು. ಇವತ್ತು ಇವರ ರಾಶಿಗೆ ಗಾಳಿ, ನಾಳೆ ಅವರ ರಾಶಿಗೆ ಗಾಳಿ. ಒಬ್ಬರ ರಾಶಿಗೆ ಗಾಳಿ ಬರುವ ದಾರಿಯಲ್ಲಿ ಇನ್ನೊಬ್ಬರು ಬಣವಿ ಒಟ್ಟುವಂತಿರಲಿಲ್ಲ. ಗೌಡನೂ ಒಟ್ಟುವಂತಿರಲಿಲ್ಲ.

ಸಂಕವ್ವ ಕಣ್ಣು ಮುಚ್ಚಿ ಕೆನ್ನೆ ತಿರುಗಿಸಿದರೆ ಗಾಳಿ ಬರುತ್ತಿತ್ತು ಎನ್ನುತ್ತಾರೆ. ಅವಳು ಸೆರಗು ಸಿಕ್ಕಿಸಿಕೊಳ್ಳುವ ತನಕ ಗಾಳಿ ಬೇಲಿಯ ಆಚೆ ಕಾಯುತ್ತ ನಿಲ್ಲುತ್ತಿತ್ತು ಎನ್ನುತ್ತಾರೆ. ಅವಳು ತೂರಿದ ಹೊಟ್ಟು ಬಿಸಿಲಲ್ಲಿ ಬಂಗಾರದ ಮಂಜಿನಂತೆ ನಿಧಾನ ಇಳಿಯುತ್ತಿತ್ತು, ಅದರೊಳಗೆ ನಿಂತವರಿಗೆ ತಾವು ಎಲ್ಲಿದ್ದೇವೆ ಎಂಬುದು ಒಂದು ಗಳಿಗೆ ಮರೆತುಹೋಗುತ್ತಿತ್ತು ಎನ್ನುತ್ತಾರೆ. ಇದ್ದರೂ ಇರಬಹುದು. ಹೊಟ್ಟಿನ ಮಂಜಿನೊಳಗೆ ನಾನೂ ನಿಂತಿದ್ದೇನೆ.

ಆಗ ಕಂಪನಿಯವರು ಬಂದರು. ಮೂಡಲ ಗುಡ್ಡದ ಮೇಲೆ ಏಳು ಕಂಬ ನೆಟ್ಟರು. ಒಂದೊಂದು ಕಂಬಕ್ಕೆ ಮೂರು ಮೂರು ರೆಕ್ಕೆ. ಗುಡ್ಡಕ್ಕೆ ಬೇಲಿ ಹಾಕಿದರು. ತಂತಿ ಊರ ಮೇಲೆ ಹಾದು, ಬಾವಿಯ ಮೇಲೆ ಹಾದು, ದಿಗಂತದಲ್ಲಿ ಕರಗಿಹೋಯಿತು. ಮೊದಮೊದಲು ಜನಕ್ಕೆ ಅದೊಂದು ಕನಸಿನಂತೆ ಕಂಡಿತಂತೆ. ಆ ರೆಕ್ಕೆಗಳ ನೆರಳು ಬೆಳಗಿನ ಹೊತ್ತು ಊರ ಗೋಡೆಗಳ ಮೇಲೆ ಬಂದು ತಿರುಗುತ್ತಿತ್ತು. ಮಕ್ಕಳು ನೆರಳು ಹಿಡಿಯಲು ಓಡುತ್ತಿದ್ದವು. ಊರಿಗೆ ಸಿಕ್ಕಿದ್ದು ಆ ನೆರಳು ಮಾತ್ರ.

ಸಂಕವ್ವನ ಮಗಳು ನೀಲವ್ವ ಆಗ ತುಂಬಿದ ಬಸುರಿ. ಒಂದು ದಿನ ಹಗ್ಗದ ಸಾಲಿನಲ್ಲಿ ಮುಂದೆ ನಿಂತಿದ್ದಳು. ಕೊಡ ನಡುದಾರಿಯಲ್ಲಿ ಕಲ್ಲಿಗೆ ಸಿಕ್ಕಿ ಬಿಟ್ಟುಕೊಂಡಿತು. ಹಗ್ಗ ಒಮ್ಮೆಲೇ ಬಾವಿಯ ಕಡೆಗೆ ಓಡಿತು. ಅವಳ ಬಲಗೈಯ ಎರಡು ಬೆರಳು ಹಗ್ಗದ ಜೊತೆ ಹೋದವು. ಅವಳು ಕೂತ ಜಾಗದ ನೇರ ಮೇಲೆ ಕಂಪನಿಯ ತಂತಿ ಜುಂಯ್ ಎಂದು ಹಾಡುತ್ತಿತ್ತು. ಮೂರು ದಿನ ಕಳೆದು ಹೆಣ್ಣುಮಗು ಹುಟ್ಟಿತು. ಹೂವಕ್ಕ ಎಂದು ಹೆಸರಿಟ್ಟರು. ಸಂಕವ್ವ ಮಗುವನ್ನು ಎತ್ತಿಕೊಂಡು ಮೊದಲು ಮುಖ ನೋಡಲಿಲ್ಲವಂತೆ. ಮುಷ್ಟಿ ಬಿಡಿಸಿ ಅಂಗೈ ನೋಡಿದಳಂತೆ. ಈ ಕೈ ಹಗ್ಗದ ಸುತ್ತ ಮುಚ್ಚುವುದರೊಳಗೆ ಆ ನೀರನ್ನು ಗಾಳಿಯೇ ಎತ್ತಬೇಕು ಎಂದು ಹೇಳಿದಳಂತೆ. ಕೇಳಿದವರು, ಬಾಣಂತಿಗಿಂತ ಮುದುಕಿಗೇ ಜ್ವರ ಹೆಚ್ಚಾಗಿದೆ ಅಂದುಕೊಂಡರು.

ಅವಳು ಕಂಪನಿಯ ಬೇಲಿಗೆ ಹೋದಳು. ಬೇಲಿಯ ಒಳಗೆ ಒಬ್ಬ ಕಾರಕೂನ ಕುರ್ಚಿ ಹಾಕಿಕೊಂಡು ಕೂತಿದ್ದ. ಊರ ಬಾವಿಗೆ ಒಂದು ಎಳೆ ಕರೆಂಟು ಇಳಿಸಿರಿ, ಒಂದು ಮೋಟಾರು ತಿರುಗಿದರೆ ಸಾಕು ಎಂದು ಕೇಳಿದಳು. ಅವನು ಕೆಟ್ಟವನಲ್ಲ, ನೀರು ಕುಡಿಯಲು ಕೊಟ್ಟನಂತೆ. ಕೊಟ್ಟು ಹೇಳಿದ:

"ಇದು ದೊಡ್ಡ ತಂತಿ ಅಮ್ಮಾ. ಸಣ್ಣ ಊರಿಗೆ ಇಳಿಯೋದಿಲ್ಲ."

"ಸಣ್ಣ ಊರಿನ ಗಾಳಿ ಮಾತ್ರ ದೊಡ್ಡ ತಂತಿಗೆ ಹತ್ತತೈತೇನು?" ಅಂದಳು ಸಂಕವ್ವ.

ಅವನು ಖಾಲಿ ಲೋಟ ಇಸಿದುಕೊಂಡು ಕುರ್ಚಿಗೆ ಮರಳಿದ. ಆ ಪ್ರಶ್ನೆಗೆ ಉತ್ತರ ಇವತ್ತಿನ ತನಕ ಅಂಥ ಕುರ್ಚಿಗಳಲ್ಲಿ ಕೂತ ಯಾರ ಹತ್ತಿರವೂ ಇಲ್ಲ.

ಆ ಸುಗ್ಗಿಯಲ್ಲಿ ಕಣ ತುಂಬಿದಾಗ ಅವಳು ಮಣೆ ಹತ್ತಿ, ಮೊರವನ್ನು ಎತ್ತದೆ ನಿಂತಳು. ಗಾಳಿ ಬಂತು, ಹೋಯಿತು. ಮತ್ತೆ ಬಂತು. ಯಾಕೆ ಬೇ, ತೋಳು ಹಿಡೀತೇನು ಎಂದು ಕೇಳಿದರು. ಆಗ ಅವಳು ಮಾತಾಡಿದಳು. ಈ ಕಣದಲ್ಲಿ ಗಾಳಿಯನ್ನು ನಾವು ಎಂದೂ ಯಾರಿಗೂ ಮಾರಿಲ್ಲ, ಪಾಳಿಯ ಮೇಲೆ ಹಂಚಿಕೊಂಡಿದ್ದೇವೆ. ನಮ್ಮದೇ ಒಂದು ಗಾಳಿಚಕ್ರ ತರೋಣ. ಒಂದು ಮನೆಗೆ, ಒಂದು ರಾಶಿಗೆ, ಒಂದು ಮೊರ ಕಾಳು. ರಾಶಿ ಇಲ್ಲದವರು ಒಂದು ಮೊರ ಕಲ್ಲು ಹೊತ್ತು ತರಲಿ, ಕಂಬಕ್ಕೆ ಬುನಾದಿ ಬೇಕಲ್ಲ. ಇಷ್ಟು ಹೇಳಿ ತೂರಲು ಶುರುಮಾಡಿದಳು.

ಊರ ಗೌಡ ಅಡಿವೆಪ್ಪ ಅಲ್ಲೇ ಇದ್ದ. ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಬಣವಿ. ಮೊರ ಗಿರ ಯಾಕೆ, ಪೂರ್ತಿ ಚಕ್ರ ತಾನೇ ತರುತ್ತೇನೆ, ತನ್ನ ಹೆಸರಲ್ಲಿರಲಿ, ಊರಿಗೆ ನೀರು ತಾನೇ ಬಿಡುತ್ತೇನೆ ಎಂದ. ಬಹಳ ಜನಕ್ಕೆ ಇದು ಸುಲಭ ಅನ್ನಿಸಿತು. ಸಂಕವ್ವ ಮಣೆಯ ಮೇಲಿಂದಲೇ ಹೇಳಿದಳು:

"ನೀವು ಬಿಟ್ರ ನೀರು, ಮುನಿಸಿಕೊಂಡ್ರ ಹಗ್ಗ. ಬ್ಯಾಡ ಗೌಡ್ರ. ನಿಮ್ಮದೂ ಒಂದೇ ಮೊರ."

ಮೂರು ಸುಗ್ಗಿ ಮೊರ ಸುರಿದರು. ಮೂರು ಬೇಸಿಗೆ ಕಲ್ಲು ಹೊತ್ತರು. ಗೌಡ ಒಂದು ಕಾಳೂ ಹಾಕಲಿಲ್ಲ, ಮೀಸೆ ತಿರುವುತ್ತ ನೋಡಿದ. ಪಡುವಣದ ಒಂದು ದೊಡ್ಡ ಪೇಟೆಯಲ್ಲಿ ಗಾಳಿಚಕ್ರ ಮಾಡುವವರಿದ್ದರು. ಕಾಳು ಅಲ್ಲಿಗೆ ಹೋಯಿತು, ಚಕ್ರ ಇಲ್ಲಿಗೆ ಬಂತು. ಆರು ಚಕ್ಕಡಿಯ ಮೇಲೆ ಬಂತು. ದಾರಿಯ ಊರುಗಳವರು ಮೈಲುಗಟ್ಟಲೆ ಹಿಂದೆ ಹಿಂದೆ ನಡೆದರಂತೆ. ಚಕ್ಕಡಿಯಲ್ಲಿ ಮಲಗಿದ್ದ ಆ ಬಿಳಿ ರೆಕ್ಕೆಗಳನ್ನು ಕಂಡು, ಸುಳಿಗಾಳದವರು ಯಾವುದೋ ದೊಡ್ಡ ಹಕ್ಕಿಯನ್ನು ನಿದ್ದೆಯಲ್ಲೇ ಹೊತ್ತೊಯ್ಯುತ್ತಿದ್ದಾರೆ ಎಂದುಕೊಂಡರಂತೆ. ಅದು ಏಳಬಾರದು ಎಂದು ಅಂದು ದೊಡ್ಡ ಗಂಟಲಿನ ಆ ಜನವೂ ಮೆಲ್ಲಗೆ ಮಾತಾಡಿದರಂತೆ.

ಎಲ್ಲಿ ನೆಡುವುದು ಎಂಬ ಪ್ರಶ್ನೆಯೇ ಏಳಲಿಲ್ಲ. ಕಂಪನಿಯದು ದೊಡ್ಡ ಕಂಬ, ಅದಕ್ಕೆ ದೊಡ್ಡ ಗುಡ್ಡ ಬೇಕು. ನಮ್ಮದು ಸಣ್ಣದು, ನಮ್ಮ ಗಾಳಿ ಬರುವ ಜಾಗ ನಮಗೆ ಗೊತ್ತು ಎಂದರು ಊರವರು. ತಲೆಮಾರುಗಳಿಂದ ಗಾಳಿಯನ್ನು ಕರೆದದ್ದು ಕಣದಲ್ಲಿ. ಅಲ್ಲಿ ಕರೆದಾಗ ಗಾಳಿ ಎಂದೂ ಬಾರದೆ ಉಳಿದಿಲ್ಲ. ಸಂಕವ್ವನೇ ಕೆನ್ನೆ ತಿರುಗಿಸಿ, ಇಲ್ಲೇ ಅಂದಳು. ಕಣದ ಮೂಲೆಯಲ್ಲಿ ಕಂಬ ನೆಟ್ಟರು.

ಚಕ್ರ ತಿರುಗಲಿಲ್ಲ.

ತಿರುಗಲೇ ಇಲ್ಲ ಎಂದಲ್ಲ. ಮಲಗಿದ ಎಮ್ಮೆ ಬಾಲ ಆಡಿಸಿದಂತೆ ಆಡಿಸುತ್ತಿತ್ತು. ನೀರೆತ್ತಲು ಬಾವಿಗೆ ಹಾಕಿದ್ದ ಮೋಟಾರು ಒಮ್ಮೆ ಗೊರ ಗೊರ ಎಂದು ಸುಮ್ಮನಾಗುತ್ತಿತ್ತು. ಒಂದು ತಿಂಗಳಲ್ಲಿ ಗೊರವಂಕಗಳು ಅದರ ನೆತ್ತಿಯಲ್ಲಿ ಗೂಡು ಕಟ್ಟಿದವು. ಗೌಡ ದಿನಾ ಸಂಜೆ ಅದರ ಬುಡಕ್ಕೆ ಬಂದು ಕೂರುತ್ತಿದ್ದ.

"ಸಂಕವ್ವ, ಮೊಟ್ಟಿ ಎಷ್ಟಾದುವು ಬೇ?" ಎಂದು ಕೇಳುತ್ತಿದ್ದ. "ಒಂದು ಮನಿಗೆ ಒಂದು ಮೊಟ್ಟಿ ಹಂಚಿಬಿಡು. ಪಾಳಿ ಪ್ರಕಾರ."

ಜನ ನಕ್ಕರು. ಮೂರು ಸುಗ್ಗಿ ಮೊರ ಸುರಿದವರು ನಗಲೂ ಆಗದೆ ಅಳಲೂ ಆಗದೆ ಮನೆಗೆ ಹೋದರು. ನೀಲವ್ವ ಮೂರು ಬೆರಳಲ್ಲೇ ಹಗ್ಗ ಹಿಡಿಯುತ್ತಿದ್ದಳು. ಅವಳ ಮಗಳು ಹೂವಕ್ಕ ಬಾವಿಕಟ್ಟೆಯ ಮೇಲೆ ಕೂತು ಹಗ್ಗದ ತುದಿಯ ಜೊತೆ ಆಡುತ್ತಿದ್ದಳು. ಅವಳ ಹೆಬ್ಬೆರಳಿಗೂ ನಡುಬೆರಳಿಗೂ ನಡುವೆ ಇನ್ನು ಎರಡು ಬೆರಳಗಲ ಉಳಿದಿತ್ತು.

ಇಲ್ಲಿ ಬೇರೆ ಯಾರಾದರೂ ಇದ್ದಿದ್ದರೆ ದೇವರ ಮೇಲೆ ಹಾಕುತ್ತಿದ್ದರು, ಚಕ್ರದ ಮೇಲೆ ಹಾಕುತ್ತಿದ್ದರು. ಸಂಕವ್ವ ಕಣದ ನಡುವೆ ನಿಂತು, ತಪ್ಪು ತನ್ನದು, ಯಾಕೆ ತಪ್ಪಾಯಿತು ಎಂದು ತನಗೆ ಗೊತ್ತಿಲ್ಲ, ಗೊತ್ತು ಮಾಡಿಕೊಂಡು ಬರುತ್ತೇನೆ ಎಂದಳು. ಒಂದು ಚೀಲ ಹೊಟ್ಟು ಬೆನ್ನಿಗೆ ಹಾಕಿಕೊಂಡಳು. ಮೊರ ಕಂಕುಳಲ್ಲಿಟ್ಟಳು. ಗುಡ್ಡದ ಕಡೆ ನಡೆದಳು.

ಒಂದು ವರ್ಷ ನಡೆದಳು ಎನ್ನುತ್ತಾರೆ. ಏಳು ವರ್ಷ ಎನ್ನುವವರೂ ಇದ್ದಾರೆ. ಪ್ರತಿ ಇಪ್ಪತ್ತು ಹೆಜ್ಜೆಗೆ ನಿಲ್ಲುವಳು, ಮೊರ ಎತ್ತಿ ಹೊಟ್ಟು ತೂರುವಳು, ಅದು ಎಲ್ಲಿ ಬೀಳುತ್ತದೆ ಎಂದು ನೋಡುವಳು. ಬಿದ್ದಲ್ಲಿ ಒಂದು ಕಲ್ಲಿಡುವಳು. ಮತ್ತೆ ಇಪ್ಪತ್ತು ಹೆಜ್ಜೆ. ಚೀಲ ಬರಿದಾದರೆ ಕಣಕ್ಕೆ ಇಳಿದು ತುಂಬಿಕೊಂಡು ಹೋಗುವಳು. ಕೊರೆಯುವ ಚಳಿಯಲ್ಲಿ ತೂರಿದಳು, ಕಲ್ಲು ಕಾದ ಬೇಸಿಗೆಯಲ್ಲಿ ತೂರಿದಳು, ಮೋಡದ ಗಾಳಿಯಲ್ಲಿ ತೂರಿದಳು. ಕುರಿ ಮೇಯಿಸುವವರು ದೂರದಿಂದ ನೋಡುತ್ತಿದ್ದರು. ಗುಡ್ಡದ ಮೇಲೆ ಒಂದು ಸಣ್ಣ ಬಂಗಾರದ ಮೋಡ ಏಳುವುದು, ಕರಗುವುದು, ಸ್ವಲ್ಪ ಆಚೆ ಮತ್ತೊಂದು ಏಳುವುದು. ಗುಡ್ಡ ಉಸಿರಾಡುತ್ತಿದೆ ಎಂದುಕೊಂಡರಂತೆ. ಅವಳು ಮಲಗಿದಾಗ ಗಾಳಿ ಅವಳ ಮೊರವನ್ನು ತೊಟ್ಟಿಲಿನಂತೆ ತೂಗುತ್ತಿತ್ತು ಎನ್ನುತ್ತಾರೆ. ಅವಳು ಹಗುರಾಗುತ್ತ ಆಗುತ್ತ ಕೊನೆಗೆ ನೆಲಕ್ಕೆ ಕಾಲು ಊರದೆ ನಡೆಯುತ್ತಿದ್ದಳು ಎನ್ನುತ್ತಾರೆ. ಅವಳು ತೂರಿದ ಒಂದು ಎಳೆ ಹೊಟ್ಟು ಎರಡು ದಿನ ಹಾರಿ, ಯಾವುದೋ ಊರಲ್ಲಿ ಮದುಮಗಳ ಜಡೆಯ ಮೇಲೆ ಇಳಿಯಿತು, ಆ ಮದುಮಗಳಿಗೆ ಕೂಡಲೇ ತವರಿನ ಗಾಳಿಯ ವಾಸನೆ ಬಂತು, ಅವಳು ಸುಳಿಗಾಳದ ಮಗಳಾಗಿದ್ದಳು ಎನ್ನುತ್ತಾರೆ.

ಇದು ಚಂದದ ಮಾತು. ಅಲ್ಲಗಳೆಯಲು ನನಗೆ ಮನಸ್ಸಿಲ್ಲ. ಆದರೆ ಅವಳ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು, ಅದನ್ನೂ ಹೇಳಿ. ಹೊಟ್ಟಿನ ಧೂಳು ಎದೆಗೆ ಕೂತು ಕೆಮ್ಮುತ್ತಿದ್ದಳು, ಅದನ್ನೂ ಹೇಳಿ.

ಸುಳಿಗಾಳದ ಪಡುವಣಕ್ಕೆ ಒಂದು ದಿಬ್ಬವಿತ್ತು. ಅದಕ್ಕೆ ಹೊಟ್ಟುಗಳ್ಳಿ ಎಂದು ಹೆಸರು. ಹಿಂದೆ ಯಾರೋ ಹಿರಿಯರು ಅಲ್ಲಿ ಕಣ ಮಾಡಿ ತೂರಲು ಹೋಗಿ, ಕಾಳು ಉಳಿದು ಹೊಟ್ಟೆಲ್ಲ ಮಾಯವಾಗಿತ್ತಂತೆ. ಆ ವರ್ಷ ದನಗಳಿಗೆ ಮೇವಿಲ್ಲದೆ ಹೋಯಿತಂತೆ. ಅಲ್ಲೊಬ್ಬಳು ಕಾಣದ ಕಳ್ಳಿ ಇದ್ದಾಳೆ, ಹೊಟ್ಟು ಕದಿಯುತ್ತಾಳೆ ಎಂದು ಆ ಕಡೆ ಹೋಗುವವರು ಒಂದು ಕಲ್ಲೆಸೆದು ಬೈದು ಬರುತ್ತಿದ್ದರು. ಯಾರೂ ಅಲ್ಲಿ ನಿಲ್ಲುತ್ತಿರಲಿಲ್ಲ.

ಎಲ್ಲ ಕಡೆ ತೂರಿಯಾದ ಮೇಲೆ ಸಂಕವ್ವ ಅಲ್ಲಿಗೆ ಹತ್ತಿದಳು. ಮೊರ ಎತ್ತಿ ತೂರಿದಳು. ಹೊಟ್ಟು ಹೋಯಿತು. ಬೀಳುವುದನ್ನು ಕಾದಳು. ಬೀಳಲಿಲ್ಲ. ಮತ್ತೊಂದು ಮೊರ ತೂರಿದಳು. ಅದೂ ಬೀಳಲಿಲ್ಲ. ಚೀಲ ಖಾಲಿಯಾಗುವ ತನಕ ತೂರಿದಳು. ಹೊಟ್ಟು ಎದ್ದು, ತೆಳ್ಳಗಾಗಿ, ಬೆಳಕಿನ ಎಳೆಯಾಗಿ, ಆಕಾಶದ ಬಣ್ಣವಾಗಿ ಹೋಯಿತು. ಕಲ್ಲಿಡಲು ಜಾಗವೇ ಸಿಗಲಿಲ್ಲ. ಅವಳು ಕೈಯಲ್ಲಿ ಕಲ್ಲು ಹಿಡಿದುಕೊಂಡು ಅಲ್ಲೇ ಕೂತಳು. ಸಂಜೆ ತನಕ ಕೂತಳು. ಆಮೇಲೆ ನಗಲು ಶುರುಮಾಡಿದಳು. ಆ ನಗು ಊರ ಕಣದ ತನಕ ಕೇಳಿಸಿತಂತೆ.

ಅವಳಿಗೆ ಆಗ ಹೊಳೆದದ್ದು ಇಷ್ಟು. ಹಿರಿಯರು ಕಣಕ್ಕೆ ಜಾಗ ಆರಿಸಿದ್ದು ಗಾಳಿಗಾಗಿ ಅಲ್ಲ, ಹೊಟ್ಟಿಗಾಗಿ. ಹೊಟ್ಟು ದನದ ಮೇವು, ಅದು ದೂರ ಹೋಗಬಾರದು. ಕಾಳು ಬಿಡಿಸುವಷ್ಟು ಬಲ ಇರಬೇಕು, ಮೇವು ಒಯ್ಯುವಷ್ಟು ಇರಬಾರದು. ಅಂಥ ಬಡಪಾಯಿ ಗಾಳಿ ಎಲ್ಲಿದೆ ಎಂದು ಹುಡುಕಿ ಹುಡುಕಿ ಅಲ್ಲಿ ಕಣ ಮಾಡಿದ್ದರು. ತಾವು ತಲೆಮಾರುಗಳಿಂದ ಕರೆದು ಮುದ್ದಾಡಿದ್ದು ಊರಿನ ಅತಿ ಸೋಮಾರಿ ಗಾಳಿಯನ್ನು. ಕಲ್ಲೆಸೆದು ಬೈದದ್ದು ದುಡಿಯುವ ಗಾಳಿಯನ್ನು.

ಊರಿಗೆ ಬಂದು ಹೇಳಿದಳು. ಕಣದ ಕಂಬ ಕಿತ್ತು ಹೊಟ್ಟುಗಳ್ಳಿಗೆ ಒಯ್ಯೋಣ ಎಂದಳು. ಯಾರೂ ಏಳಲಿಲ್ಲ. ಒಂದು ಸಲ ನಂಬಿದ್ದು ಸಾಕು ಎಂದರು. ಆ ಹೊತ್ತಿಗೆ ಕಂಪನಿಯವರೂ ಅದೇ ದಿಬ್ಬವನ್ನು ಕೇಳಿ ಗೌಡನ ಹತ್ತಿರ ಬಂದಿದ್ದರು. ಅವರ ಯಂತ್ರಗಳಿಗೆ ಗೊತ್ತಾಗಿತ್ತು, ಅವಳ ಮೊರಕ್ಕೂ ಗೊತ್ತಾಗಿತ್ತು. ಗೌಡ ಬಾವಿಕಟ್ಟೆಯ ಹತ್ತಿರ ಊರು ಕೂಡಿಸಿದ. ದಿಬ್ಬ ಕಂಪನಿಗೆ ಕೊಡೋಣ, ಈ ಗೊರವಂಕದ ಗೂಡನ್ನೂ ಅವರೇ ಒಯ್ಯಲಿ, ಹೆಬ್ಬೆಟ್ಟು ಒತ್ತಿ ಎಂದ. ಮಸಿಯ ಡಬ್ಬಿ ತೆರೆದೇ ಇಟ್ಟಿದ್ದ.

ಸಂಕವ್ವ ಹಗ್ಗದ ಹತ್ತಿರ ನಡೆದಳು. ಹೂವಕ್ಕನನ್ನು ಕರೆದು ಹಗ್ಗ ಹಿಡಿಸಿದಳು. ಮಗುವಿನ ಹೆಬ್ಬೆರಳಿಗೂ ನಡುಬೆರಳಿಗೂ ನಡುವೆ ಒಂದು ಜೋಳದ ಕಾಳಿನಷ್ಟು ಸಂದು ಉಳಿದಿತ್ತು. ಎಲ್ಲರೂ ನೋಡಿದರು. ಆಮೇಲೆ ಆ ಹಗ್ಗ ತೆಗೆದುಕೊಂಡು ಹೋಗಿ ಗೌಡನ ಮುಂದೆ ಹಿಡಿದಳು.

"ಒಂದು ಕೊಡ ಎಳೀರಿ ಗೌಡ್ರ. ಎಳೆದು ಹೇಳ್ರಿ, ನಾನೇ ಮೊದಲು ಹೆಬ್ಬೆಟ್ಟು ಒತ್ತತೀನಿ."

"ಗಂಡಸು ಹಿಡಿದ್ರ ನೀರು ಇಳೀತೈತಿ ಬೇ."

"ಇಳೀಲಿ. ಒಂದಿನ ಇಳೀಲಿ."

ಗೌಡ ಮೀಸೆಗೆ ಕೈ ಹಾಕಿದ. ಅಷ್ಟರಲ್ಲಿ ಹೆಂಗಸರ ನಡುವಿನಿಂದ ಅವನ ಮುದಿತಾಯಿ ಮಾತಾಡಿದಳು. ಅವಳ ಎರಡೂ ಕೈ ಹಗ್ಗ ಹಿಡಿದ ಆಕಾರದಲ್ಲೇ ಬಾಗಿ ಒಣಗಿಹೋಗಿದ್ದವು, ಬಿಡಿಸಲು ಬರುತ್ತಿರಲಿಲ್ಲ.

"ಹಿಡಿಯೋ ಅಡಿವ್ಯಾ," ಅಂದಳು. "ನೀ ಹುಟ್ಟಿದ ದಿನಾನೂ ಮುಂಜಾನಿ ನಾ ಇದನ್ನ ಹಿಡಿದಿದ್ದೆ. ಮೀಸಿ ಆಮ್ಯಾಲ ಹಿಡಕೊಳ್ಳುವಿಯಂತ."

ಗೌಡ ಹಿಡಿದ. ಜೊತೆಗೆ ಮೂವರು ಆಳುಗಳು. ಹೆಂಗಸರು ದಿನಾ ಹಿಂದೆ ಹಿಂದೆ ನಡೆಯುತ್ತ ಎಳೆಯುತ್ತಿದ್ದರು, ಇವರು ನಿಂತಲ್ಲೇ ನಿಂತು ಕೈ ಮೇಲೆ ಕೈ ಹಾಕಿ ಜಗ್ಗಿದರು. ಇಪ್ಪತ್ತು ಮಾರಿಗೆ ಅವನ ಅಂಗೈ ಸುಲಿಯಿತು. ಮೂವತ್ತು ಮಾರಿಗೆ ಹಗ್ಗ ಕೆಂಪಾಯಿತು. ಆಮೇಲೆ ಜಾರಿತು. ಕೊಡ ಬಾವಿಯೊಳಗೆ ಬೀಳುವ ಸದ್ದು ಬಹಳ ಹೊತ್ತು ಬಂತು. ಯಾರೂ ನಗಲಿಲ್ಲ. ಗೌಡ ತನ್ನ ಅಂಗೈ ನೋಡಿಕೊಂಡ, ತಾಯಿಯ ಕೈ ನೋಡಿದ, ಮಸಿಯ ಡಬ್ಬಿ ಮುಚ್ಚಿ ಮನೆಗೆ ಹೋದ. ಮರುದಿನ ಬೆಳಗಾಗುವಾಗ ಅವನ ಎಂಟು ಎತ್ತುಗಳು ಕಣದ ಕಂಬದ ಹತ್ತಿರ ನಿಂತಿದ್ದವು. ನೊಗದ ಮೇಲೆ ಒಂದು ಮೊರ ಜೋಳ ಇತ್ತು. ಒಂದೇ ಮೊರ.

ಎತ್ತುಗಳು ದಿಬ್ಬದ ಅರ್ಧಕ್ಕೆ ಎಳೆದವು. ಮೇಲಿನ ಏರಿನಲ್ಲಿ ಗಾಳಿ ಮುಖಕ್ಕೆ ಹೊಡೆಯಿತು, ಎತ್ತುಗಳು ಮಂಡಿಯೂರಿದವು. ಗಂಡಸರು ಹೆಗಲು ಕೊಟ್ಟರು, ಕಂಬ ಒಂದು ಗೇಣು ಹತ್ತಿ ಎರಡು ಗೇಣು ಇಳಿಯಿತು. ಇಲ್ಲಿಗೆ ಬಂದಾಗ ಕಥೆ ಹೇಳುವವರು ಕಣ್ಣು ಮುಚ್ಚಿಕೊಳ್ಳುತ್ತಾರೆ. ಸಂಕವ್ವ ಮೊರ ಎತ್ತಿ ಹೊಟ್ಟು ತೂರಿದಳು, ಹೊಟ್ಟುಗಳ್ಳಿ ತಾನೇ ಬಂದು ಕಂಬವನ್ನು ಎಳೆ ಮಗುವಿನಂತೆ ಎತ್ತಿಕೊಂಡು ಹೋದಳು ಎನ್ನುತ್ತಾರೆ.

ಸುಳ್ಳು. ಪವಾಡ ಎಂದರೆ, ಅದನ್ನು ನಾವು ಮಾಡಬೇಕಾಗಿಲ್ಲ ಎಂದು ಅರ್ಥ. ಕಂಬ ಎಳೆದವರು ಐವತ್ತೆರಡು ಹೆಂಗಸರು. ಹಿಂದಿನ ದಿನವೇ ಮನೆಮನೆಯ ಕೊಡ ತುಂಬಿಸಿಟ್ಟು, ಬಾವಿಯ ಹಗ್ಗ ಬಿಚ್ಚಿ ತಂದರು. ಕಂಬಕ್ಕೆ ಕಟ್ಟಿದರು. ದಿಬ್ಬದ ನೆತ್ತಿಯ ಬಂಡೆಗೆ ಬಳಸಿ ಆಚೆಯ ಇಳಿಜಾರಿಗೆ ಬಿಟ್ಟರು. ಸಾಲಾಗಿ ನಿಂತು, ನೀರೆಳೆಯುವಂತೆಯೇ ಹಿಂದೆ ಹಿಂದೆ ನಡೆಯುತ್ತ ಎಳೆದರು. ನೀಲವ್ವ ಮೂರು ಬೆರಳ ಕೈಯಲ್ಲಿ ಮುಂದೆ ನಿಂತಿದ್ದಳು.

"ಎಳಿಯೇ ಯವ್ವಾ!"

"ಬಂತವ್ವಾ!"

ಮುಷ್ಟಿ ಮುಚ್ಚಿದಾಗಿನಿಂದ ಎಳೆದ ಕೈಗಳು. ಕಂಬ ಹತ್ತಿತು. ಆ ದೊಡ್ಡ ಗಂಟಲುಗಳ ಕೂಗಿಗೆ ಕಂಪನಿಯ ಕಾರಕೂನ ಕುರ್ಚಿಯಿಂದ ಎದ್ದು ನಿಂತು ನೋಡಿದನಂತೆ.

ಬುನಾದಿ ಆರುವ ತನಕ ಕಾದರು. ರೆಕ್ಕೆ ಕಟ್ಟಿದರು. ಕಟ್ಟಿ ಕೈ ಬಿಟ್ಟರು. ಚಕ್ರ ಒಮ್ಮೆ ನಿಟ್ಟುಸಿರು ಬಿಟ್ಟಂತೆ ಮಾಡಿ ತಿರುಗಿತು. ತಿರುಗಿತು, ತಿರುಗಿತು, ರೆಕ್ಕೆಗಳು ಕಾಣದೆ ಬರೀ ಒಂದು ಬಿಳಿ ಹೊಳಪಾಯಿತು. ದಿಬ್ಬದಿಂದ ಬಾವಿಗೆ ಎಳೆದ ಸಣ್ಣ ತಂತಿಯಲ್ಲಿ ಕರೆಂಟು ಇಳಿಯಿತು. ಮೋಟಾರು ಕೂಗಿತು. ಕೊಳವೆಯ ಬಾಯಲ್ಲಿ ಮೊದಲು ಗಾಳಿ ಬಂತು, ಆಮೇಲೆ ಒಂದು ತಣ್ಣನೆಯ ವಾಸನೆ ಬಂತು, ಆಮೇಲೆ ನೀರು ಬಂತು. ಅರವತ್ತು ಮಾರು ಕೆಳಗೆ ಕತ್ತಲಲ್ಲಿ ಮಲಗಿದ್ದ ನೀರು ಬಿಸಿಲಿಗೆ ಕಣ್ಣು ಬಿಟ್ಟು ನಡುಗಿತು ಎನ್ನುತ್ತಾರೆ. ಯಾರೂ ಕೊಡ ಹಿಡಿಯಲಿಲ್ಲ. ಐವತ್ತೆರಡು ಹೆಂಗಸರು ಬರಿಗೈ ಚಾಚಿ, ಕೈ ಮೇಲೆ ಸುರಿಸಿಕೊಂಡು ನಿಂತರು.

ಅದೇ ತಿಂಗಳು ಹೂವಕ್ಕನ ಮುಷ್ಟಿ ಮುಚ್ಚಿತು. ರೂಢಿಯಂತೆ ಅಂಗೈಗೆ ಹರಳೆಣ್ಣೆ ಹಚ್ಚಿದರು, ಬೆಲ್ಲ ತಿನ್ನಿಸಿದರು, ಹಗ್ಗ ಹಿಡಿಸಿದರು. ಸಂಕವ್ವ ಅವಳ ಕಿವಿಯ ಹತ್ತಿರ ಬಾಗಿ, "ಬಿಡು" ಅಂದಳು. ಮಗು ಬಿಟ್ಟಿತು. ಹಗ್ಗ ನೆಲಕ್ಕೆ ಬಿತ್ತು.

ಸಂಕವ್ವ ಮುಂದಿನ ಸುಗ್ಗಿಯನ್ನು ನೋಡಲಿಲ್ಲ. ಗಾಳಿಯಲ್ಲಿ ಸೇರಿಹೋದಳು ಎನ್ನುತ್ತಾರೆ. ಕೆಮ್ಮಿ ಕೆಮ್ಮಿ ಸತ್ತಳು, ಎದೆಯಲ್ಲಿ ಒಂದು ವರ್ಷದ ಹೊಟ್ಟು ಕೂತಿತ್ತು. ಮಣ್ಣು ಮಾಡಿದ ಮೇಲೆ ಮೊರ ಹುಡುಕಿದರೆ ಸಿಗಲಿಲ್ಲವಂತೆ. ಆ ಮಾತನ್ನು ಮಾತ್ರ ನಾನು ಹಾಗೇ ಬಿಡುತ್ತೇನೆ.

ಮೊರ ಸುರಿಯುವುದು ನಿಲ್ಲಲಿಲ್ಲ. ಮೂರು ಸುಗ್ಗಿಗೆ ಎರಡನೇ ಚಕ್ರ ಬಂತು, ಅದು ಮನೆಗಳಿಗೆ ದೀಪ ಕೊಟ್ಟಿತು. ಮತ್ತೆ ಮೂರು ಸುಗ್ಗಿಗೆ ಇನ್ನೊಂದು, ಅದು ಹಿಟ್ಟಿನ ಗಿರಣಿ ತಿರುಗಿಸಿತು. ಅದಕ್ಕೊಂದು ಸಂಘವಾಯಿತು. ಒಂದು ಮನೆ, ಒಂದು ಮೊರ, ಒಂದು ಮಾತು. ಗೌಡನ ಮನೆಗೂ ಒಂದೇ.

ಈಗಲೂ ಆ ಊರಲ್ಲಿ ಮೊದಲ ರಾಶಿ ತೂರಿದ ದಿನ ಮನೆಗೊಂದು ಮೊರ ಹೊಟ್ಟು ಹೊತ್ತು ದಿಬ್ಬ ಹತ್ತುತ್ತಾರೆ. ಚಕ್ರಗಳ ಕೆಳಗೆ ನಿಂತು ಒಟ್ಟಿಗೆ ತೂರುತ್ತಾರೆ. ಹಿಂದೆ ಕಲ್ಲೆಸೆದು ಬೈದದ್ದಕ್ಕೆ ಹೊಟ್ಟುಗಳ್ಳಿಗೆ ತಪ್ಪೊಪ್ಪಿಕೊಂಡು, ಒಯ್ಯವ್ವಾ ನಿನ್ನ ಪಾಲು ಎನ್ನುತ್ತಾರೆ. ಆ ಹಳೆಯ ಹಗ್ಗ ಸಂಘದ ಬಾಗಿಲಲ್ಲಿ ತೂಗುತ್ತಿದೆ. ಯಾವ ಹುಡುಗಿಯ ಮುಷ್ಟಿ ಅದರ ಸುತ್ತ ಮುಚ್ಚುತ್ತದೋ ಅವಳ ಕೈಗೆ ಎಣ್ಣೆ ಹಚ್ಚಿ ಹಗ್ಗ ಹಿಡಿಸುತ್ತಾರೆ. ಊರೆಲ್ಲ ಸೇರಿ ದೊಡ್ಡ ಗಂಟಲಲ್ಲಿ "ಬಿಡು" ಎಂದು ಕೂಗುತ್ತಾರೆ. ಅವಳು ಬಿಡುತ್ತಾಳೆ. ಅಂದಿನಿಂದ ಸಂಘದಲ್ಲಿ ಅವಳ ಮಾತಿಗೂ ಒಂದು ಮೊರದ ತೂಕ.

ಕಥೆ ಕೇಳಿ ತಲೆದೂಗಿದಿರಿ. ತಲೆದೂಗುವುದು ಸಾಕು. ನಿಮ್ಮ ಊರಿಗೂ ಒಂದು ದಿಬ್ಬವಿದೆ. ಅದರ ಕಾಗದ ಹಿಡಿದು ಯಾರೋ ಇವತ್ತೋ ನಾಳೆಯೋ ಬರುತ್ತಾರೆ, ಮಸಿಯ ಡಬ್ಬಿ ತೆರೆದೇ ತರುತ್ತಾರೆ. ಅದಕ್ಕಿಂತ ಮೊದಲು ಏಳಿ. ಮನೆಯಲ್ಲಿ ಮೊರವಿದೆ, ತೆಗೆದುಕೊಳ್ಳಿ. ಹೊಟ್ಟು ತುಂಬಿಕೊಂಡು ದಿಬ್ಬ ಹತ್ತಿ. ತೂರಿ. ಅದು ಬೀಳದಿದ್ದರೆ ಇಳಿದು ಬಂದು ಊರು ಕೂಡಿಸಿ, ಮೊದಲ ಮೊರ ನೀವು ಸುರಿಯಿರಿ. ಹೆಬ್ಬೆಟ್ಟನ್ನು ಮುಷ್ಟಿಯೊಳಗೇ ಇಟ್ಟುಕೊಳ್ಳಿ.